ಬಂಡೆಯಲ್ಲಿದ್ದ ಲೋಹ, ಗದ್ದೆಗೆ ಬಂದ ವಿಷ

ಭತ್ತದ ಬೆಳೆಯಲ್ಲಿ ಸತುವಿನ ಕೊರತೆ ಕಂಡಾಗ ನೀವು ಸತುವಿನ ಸಲ್ಫೇಟ್ ಹಾಕುತ್ತೀರಿ. ಸತುವಿನ ಅದಿರಿನಲ್ಲೇ ವಿಷವೂ ಅಡಗಿರಬಹುದೆಂಬುದನ್ನು ಜಪಾನಿನ ರೈತರು ನೋವುಂಡು ಕಲಿತರು.

ಜಪಾನಿನ ಕಾಮಿಯೋಕಾ ಸೀಸ–ಸತುವಿನ ಗಣಿಯಾಗಿತ್ತು. ಭೂಗರ್ಭದ ಬಿಸಿ ದ್ರವಗಳು ಅಲ್ಲಿನ ಸುಣ್ಣಕಲ್ಲಿನೊಳಗೆ ನುಗ್ಗಿ, ಕಲ್ಲನ್ನೇ ಮಾರ್ಪಡಿಸಿ ಅದಿರನ್ನು ಉಳಿಸಿದವು. ಸತುವಿನ ಖನಿಜದಲ್ಲಿ ಕ್ಯಾಡ್ಮಿಯಂ ಎಂಬ ಲೋಹವೂ ಅಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಬಂಡೆಯಾಳದಲ್ಲಿರುವಾಗ ಅದು ನಿರಪಾಯಕಾರಿ. ಅದಿರನ್ನು ನುಣ್ಣಗೆ ಅರೆದಾಗ ಗಾಳಿ, ನೀರು ತಗಲಿ ಹೊರಬರುತ್ತದೆ.

ಗಣಿಯ ತ್ಯಾಜ್ಯ ಜಿನ್ಜು ನದಿ ಸೇರಿ, ಕಾಲುವೆಗಳ ಮೂಲಕ ಗದ್ದೆಗಳಿಗೆ ಹರಿಯಿತು. ಆ ಅಕ್ಕಿ ಉಂಡು, ಆ ನೀರು ಕುಡಿದವರ ಮೂತ್ರಪಿಂಡಗಳು ಕೆಟ್ಟವು, ಮೂಳೆಗಳು ಮುರಿದವು. ರೋಗಿಗಳ 'ಇತಾಯಿ, ಇತಾಯಿ' (ನೋವು, ನೋವು) ಎಂಬ ನರಳಾಟವೇ ರೋಗದ ಹೆಸರಾಯಿತು. ಇದು ಮಾಲಿನ್ಯದ ರೋಗವೆಂದು 1968ರಲ್ಲಿ ಸರ್ಕಾರ ಒಪ್ಪಿತು. ಗಣಿಗಾರಿಕೆ 2001ರಲ್ಲಿ ನಿಂತಿತು. ಸುಮಾರು 860 ಹೆಕ್ಟೇರ್ ಗದ್ದೆಗಳ ಕಲುಷಿತ ಮಣ್ಣನ್ನು ಕೆಳಗೆ ಹೂತು, ಮೇಲೆ ಒಳ್ಳೆಯ ಮಣ್ಣು ಹರಡುವ ಕೆಲಸ ಮಾತ್ರ 2012ರವರೆಗೂ ನಡೆಯಿತು.

ರೈತ ಬಾಂಧವರೇ, ನಿಮ್ಮ ಹಳ್ಳದ ಮೇಲ್ಭಾಗದಲ್ಲಿ ಹಳೆಯ ಗಣಿ ಇದ್ದರೆ ಮಣ್ಣು, ನೀರುಗಳನ್ನು ಪರೀಕ್ಷೆ ಮಾಡಿಸಿರಿ. ಗಣಿಯ ಪುಡಿಮಣ್ಣನ್ನು ಹೊಲಕ್ಕೆ ಹೊಡೆಯಬೇಡಿರಿ. ಹುಳಿಮಣ್ಣಿಗೆ ಸುಣ್ಣ ಹಾಕಿ, ತೆನೆ ಬರುವಾಗ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಭತ್ತ ಹೀರುವ ಕ್ಯಾಡ್ಮಿಯಂ ಕಡಿಮೆಯಾಗುತ್ತದೆ. ಆದರೂ ವಿಷ ಗದ್ದೆಗೆ ಬಾರದಂತೆ ತಡೆಯುವುದೇ ಲೇಸು.