ಮಾರಾಟವಾಗುವುದು ಬೇರೆ, ಗಿಟ್ಟುವುದು ಬೇರೆ

ಆನ್‌ಲೈನ್ ಅಂಗಡಿ ತೆರೆಯಲು ಹೊರಟವರು ಮೊದಲು ವಿಚಾರಿಸುವುದು ಯಾವ ಸರಕಿಗೆ ಗಿರಾಕಿ ಹೆಚ್ಚು ಎಂಬುದನ್ನು. ಮೊಬೈಲ್ ಕವರು, ಟೀ ಶರ್ಟು, ಕುರ್ತಿ, ಇಯರ್‌ಫೋನು: ಎಲ್ಲರ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಆದರೆ ಹೆಚ್ಚು ಖರ್ಚಾಗುವ ಸರಕೇ ಹೆಚ್ಚು ಹಣ ಉಳಿಸಬೇಕೆಂದೇನಿಲ್ಲ. 1995ರಲ್ಲಿ ಸಿಯಾಟಲ್‌ನ ಅಮೆಜಾನ್ ಮಾರಾಟಕ್ಕಿಳಿದದ್ದು ಪುಸ್ತಕದಿಂದ. 2007ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. ಪುಸ್ತಕ ಕೆಡುವುದಿಲ್ಲ, ಒಡೆಯುವುದಿಲ್ಲ, ಅಳತೆ ಸರಿಹೋಗಲಿಲ್ಲವೆಂದು ವಾಪಸ್ ಬರುವುದಿಲ್ಲ. ಅಚ್ಚಾಗಿರುವ ಅಷ್ಟೂ ಪುಸ್ತಕಗಳನ್ನು ಜೋಡಿಸಿಡುವಷ್ಟು ಕಪಾಟು ಊರಿನ ಯಾವ ಅಂಗಡಿಯಲ್ಲೂ ಇಲ್ಲ. ಅಮೆಜಾನ್‌ನ ಆರಂಭದ ಕಾಲದ ಇನ್ನೊಂದು ಅಮೆರಿಕನ್ ಕಂಪನಿ ಪೆಟ್ಸ್ ಡಾಟ್ ಕಾಮ್ ನಾಯಿ, ಬೆಕ್ಕುಗಳ ಆಹಾರ ಮಾರಿತು. ಸಾಕುವವರಿಗೆ ಅಲ್ಲಿ ಬರವಿರಲಿಲ್ಲ. ಆದರೆ ಭಾರದ ಚೀಲ, ಸಣ್ಣ ಲಾಭ, ಹತ್ತಿರದ ಅಂಗಡಿಯಲ್ಲೇ ಸಿಗುವ ಮಾಲು. ಸಾಗಣೆ ಖರ್ಚೂ ಹುಟ್ಟಲಿಲ್ಲ. 2000ದ ನವೆಂಬರಿನಲ್ಲಿ ಕಂಪನಿ ಬಾಗಿಲು ಮುಚ್ಚಿತು.

ಅದೇ ಸರಕನ್ನು 2011ರಲ್ಲಿ ಹುಟ್ಟಿದ ಚ್ಯೂಯಿ ಕಂಪನಿ ಮಾರಿ ಬೆಳೆಯಿತಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅದರ ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಸರಕು ಮತ್ತೆ ಮತ್ತೆ ತಾನಾಗಿಯೇ ಬರುವಂತೆ ಆರ್ಡರ್ ನಿಗದಿ ಮಾಡಿಕೊಂಡವರು. ಒಬ್ಬ ಗಿರಾಕಿಯನ್ನು ಕರೆತರಲು ಒಮ್ಮೆ ಮಾಡಿದ ಖರ್ಚು ಹತ್ತಾರು ಆರ್ಡರುಗಳ ಮೇಲೆ ಹಂಚಿಹೋಗುತ್ತದೆ. ಅಂದರೆ ಬದಲಾದದ್ದು ಬೇಡಿಕೆಯಲ್ಲ, ಒಂದೊಂದು ಆರ್ಡರಿನ ಹಿಂದಿನ ಲೆಕ್ಕ.

ಆ ಲೆಕ್ಕವನ್ನು ನಮ್ಮ ಕಡೆಯ ಒಂದು ಕುರ್ತಿಯ ಮೇಲೆ ಹಾಕಿ ನೋಡೋಣ. ಮಾರುವ ಬೆಲೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಅಸಲು 200, ಕಮಿಷನ್ 50, ಕೊರಿಯರ್ 70, ಪ್ಯಾಕಿಂಗ್ 10 ಹೋದರೆ ಕೈಯಲ್ಲಿ 70 ಉಳಿಯುತ್ತದೆ. ಹತ್ತು ಕಳಿಸಿದರೆ ಮೂರು ವಾಪಸ್ ಬಂದವು ಎನ್ನೋಣ: ಅಳತೆ ಸಾಲಲಿಲ್ಲ, ಬಣ್ಣ ಫೋಟೋದಂತಿಲ್ಲ, ಕ್ಯಾಶ್ ಆನ್ ಡೆಲಿವರಿ ಹುಡುಗ ಬಂದಾಗ ಮನೆಯವರು ಬೇಡವೆಂದರು. ಏಳರಿಂದ ಬಂದ 490ರಲ್ಲಿ, ಮೂರರ ಹೋಗಿಬರುವ ಕೊರಿಯರಿಗೂ ಪ್ಯಾಕಿಂಗಿಗೂ 450 ಹೋಯಿತು. ಉಳಿದದ್ದು 40 ರೂಪಾಯಿ. ಜಾಹೀರಾತಿನ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಗುರವಾದರೂ ಜಾಗ ತಿನ್ನುವ ಸರಕಿನದು ಇನ್ನೊಂದು ಪಾಡು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದದ್ದನ್ನು ಕೊರಿಯರಿನವರು ಕಿಲೋ ಎಂದು ಹಿಡಿಯುತ್ತಾರೆ. 40, 40, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟ ಬಿದಿರಿನ ಬುಟ್ಟಿ ಅವರ ಪಾಲಿಗೆ 9.6 ಕಿಲೋ.

ಈಗ ಕುರ್ತಿಯ ಜಾಗದಲ್ಲಿ ಇಳಕಲ್ ಸೀರೆಯನ್ನಿಡಿ. ಅದೂ ಬಟ್ಟೆಯೇ, ಆದರೆ ಅಳತೆಯ ತಕರಾರಿಲ್ಲ. ಮಡಿಸಿದರೆ ತೆಳು ಲಕೋಟೆಯೊಳಗೆ ಕೂರುತ್ತದೆ, ಬೆಲೆಯ ಎದುರು ಕೊರಿಯರ್ ಖರ್ಚು ಚಿಕ್ಕದು. ಅದಕ್ಕಿಂತ ಮುಖ್ಯವಾಗಿ, ಕೊಳ್ಳುವವರಿಗೆ ಇದು ಕೈಮಗ್ಗದ್ದೋ ಪವರ್‌ಲೂಮಿನದೋ ಎಂಬ ಅನುಮಾನ ಇದ್ದೇ ಇದೆ. ನೇಕಾರರ ಮನೆ ಬಲ್ಲವರು, ಟೋಪು ತೆನೆಯ ಸೆರಗನ್ನು ಗುರುತಿಸಬಲ್ಲವರು ಆ ಅನುಮಾನ ನೀಗಿಸುವುದರಲ್ಲೇ ತಮ್ಮ ಬೆಲೆ ಕಂಡುಕೊಳ್ಳಬಹುದು. ಬ್ಯಾಡಗಿ ಮೆಣಸಿನಪುಡಿಯದು ಚ್ಯೂಯಿಯ ದಾರಿ: ಖಾರ ಕಡಿಮೆ, ಬಣ್ಣ ಗಾಢ, ರುಚಿ ಹತ್ತಿದ ಮನೆಗೆ ಡಬ್ಬಿ ಖಾಲಿಯಾದಾಗಲೆಲ್ಲ ಬೇಕು. ಆಹಾರವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ತಪ್ಪದು.

ಇಷ್ಟು ಕಿರಿದಾದ ಮಾರುಕಟ್ಟೆಯಲ್ಲಿ ಹೊಟ್ಟೆ ತುಂಬುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಒಂದು ಊರಿನ ಬೀದಿಯಲ್ಲಿ ತುಂಬದು. ಆದರೆ ಪುಣೆ, ಮುಂಬೈಗಳಲ್ಲಿ ನೆಲೆಸಿದ ಕನ್ನಡ ಮನೆಗಳನ್ನೆಲ್ಲ ಒಂದೇ ಅಂಗಡಿಯ ಮುಂದೆ ನಿಲ್ಲಿಸುವುದೇ ಅಂತರ್ಜಾಲದ ಶಕ್ತಿ. ದೊಡ್ಡ ಕಂಪನಿಗಳು ನುಗ್ಗಿದರೆ ಎಂಬ ಭಯಕ್ಕೂ ಆಧಾರವಿದೆ. ಬರೀ ಅಗ್ಗದ ಮೇಲೆ ನಿಂತವರು ಆಗ ಉಳಿಯಲಾರರು. ಸೀರೆಯ ಗುಣ ಬಲ್ಲವರಿಗೆ ಒಂದಿಷ್ಟು ಕಾಲೂರಲು ಜಾಗವಿರುತ್ತದೆ, ಅಷ್ಟೇ. ಪೂರ್ತಿ ರಕ್ಷಣೆ ಎಂದು ನಾನು ಹೇಳಲಾರೆ. ಆದ್ದರಿಂದ ಸಾಲ ಮಾಡಿ ಗೋದಾಮು ತುಂಬಿಸುವ ಮುನ್ನ ಸಣ್ಣ ಪರೀಕ್ಷೆ ಮಾಡಿ ನೋಡಬೇಕು. ಮೊದಲ ಐವತ್ತು ಆರ್ಡರುಗಳಲ್ಲಿ ಎಷ್ಟು ವಾಪಸ್ ಬಂದವು, ಎಷ್ಟು ಮಂದಿ ಎರಡನೇ ಸಲ ಕೊಂಡರು ಎಂದು ಬರೆದಿಡಬೇಕು. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಯಿಲ್ಲದೆಯೂ ಆನ್‌ಲೈನ್ ವೇದಿಕೆಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು. ಪುಣೆಯ ಗಿರಾಕಿಯನ್ನು ಆಮೇಲೆ ನೋಡಿಕೊಳ್ಳಬಹುದು. ಆ ಐವತ್ತು ಆರ್ಡರುಗಳಿಗೆ ಕರ್ನಾಟಕವೇ ಸಾಕು.