ಹೆಬ್ಬೆರಳಿಗೆ ಒಗ್ಗುವ ಗೇರು

ತುಮಕೂರಿನ ಉಪ್ಪಾರಹಳ್ಳಿ. ಶಾಲೆ ಬಿಟ್ಟ ಹೊತ್ತು. ರೈಲು ಹಳಿ ದಾಟುವ ಮೇಲ್ಸೇತುವೆಯ ಏರಿನಲ್ಲಿ ಕೆಲವು ಮಕ್ಕಳು ಸೀಟು ಬಿಟ್ಟೆದ್ದು ತುಳಿಯುತ್ತಾರೆ, ಕೆಲವರು ಇಳಿದು ತಳ್ಳುತ್ತಾರೆ. ತಳ್ಳುವವರದ್ದೂ ಗೇರ್ ಸೈಕಲ್ಲೇ, ಮೈಮೇಲೆ ‘21 ಸ್ಪೀಡ್’ ಎಂಬ ಸ್ಟಿಕ್ಕರ್ ಬೇರೆ! 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನವರಿಗೆ ಹಂಚಿದ ಸೈಕಲ್ಲಿಗೆ ಗೇರಿನ ಗೊಡವೆ ಇರಲಿಲ್ಲ. ಕೆಡಲಿಕ್ಕೂ ಹೆಚ್ಚೇನಿರಲಿಲ್ಲ.

ರಿಪೇರಿ ಅಂಗಡಿಯ ಮುಂದೆ 20 ಇಂಚಿನ ಗುಲಾಬಿ ಸೈಕಲ್ಲೊಂದು ಸೀಟಿನಿಂದ ಕೊಕ್ಕೆಗೆ ನೇತುಬಿದ್ದಿದೆ. ಅದರ ಒಡತಿ ಮೂರನೆಯದೋ ನಾಲ್ಕನೆಯದೋ ಕ್ಲಾಸು. “ಎರಡು ಕೈಯಲ್ಲಿ ತಿರುಗಿಸಿದ್ರೂ ಬರಲ್ಲ ಅಂಕಲ್” ಎಂದು ದೂರುತ್ತಾಳೆ. ಹ್ಯಾಂಡಲ್ಲಿನ ಹಿಡಿಯನ್ನೇ ತಿರುಚಿ ಗೇರ್ ಬದಲಿಸುವ ಗ್ರಿಪ್ ಶಿಫ್ಟರ್ ಅದು. ಮೆಕ್ಯಾನಿಕ್ ಔಟರಿನೊಳಗಿಂದ, ಅಂದರೆ ಹೊರಗಿನ ಕೊಳವೆಯೊಳಗಿಂದ, ಗೇರಿನ ವೈರು ಎಳೆಯುತ್ತಿದ್ದಂತೆ ಕೆಂಪು ತುಕ್ಕು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ. “ಅರ್ಧ ಕಾಯಿಲೆ ಇಲ್ಲೇ ಇದೆ ಸಾರ್.”

ಹೊಸ ಔಟರನ್ನು ಅವರು ಕತ್ತರಿಸುವುದನ್ನು ನೋಡಬೇಕು. ಕಟ್ಟರ್ ಒತ್ತಿದ ಕಡೆ ಬಾಯಿ ಚಪ್ಪಟೆಯಾಗುತ್ತದೆ. ಅದರೊಳಗೆ ಚೂಪು ಮೊಳೆ ತೂರಿಸಿ ದುಂಡಗೆ ಮಾಡಿ, ಅರದಿಂದ ತುದಿ ಸಪಾಟು ಮಾಡಿ, ಪುಟ್ಟ ಟೋಪಿ ತೊಡಿಸುತ್ತಾರೆ. ಇಷ್ಟು ತಾಳ್ಮೆ ಇಲ್ಲದ ಕಡೆ ಎಂಥ ದುಬಾರಿ ಗೇರ್ ಹಾಕಿಸಿದರೂ ದಂಡ.

ತಿರುಚುವ ಹಿಡಿಯ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತುವ ಲಿವರ್ ಬರುತ್ತದೆ. ಹಿಂದೆ 7 ಹಲ್ಲುಚಕ್ರದ ಫ್ರೀವೀಲ್ ಇದ್ದರೆ ಲಿವರೂ 7ರದ್ದೇ ಆಗಬೇಕು. ಒಂದೊಂದು ‘ಟಿಕ್’ಗೆ ವೈರು ಎಷ್ಟು ಸರಿಯಬೇಕೋ ಅಷ್ಟೇ ಸರಿಯಬೇಕಲ್ಲ. ಈ ‘ಟಿಕ್’ ಲೆಕ್ಕವನ್ನು ಜಪಾನಿನ ಶಿಮಾನೊ ರೇಸಿಂಗ್ ಸೈಕಲ್ಲುಗಳಲ್ಲಿ ತಂದದ್ದು 1984ರಲ್ಲಿ. 1921ರಲ್ಲಿ ಆ ಕಂಪನಿ ಶುರುವಾದದ್ದೇ ಫ್ರೀವೀಲ್ ತಯಾರಿಕೆಯಿಂದ.

ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಹಿಂದಿನ ಡಿರೇಲರಿನದು ಇನ್ನೊಂದು ಕಥೆ. ಪುಟ್ಟ ಚಕ್ರದ ಪಕ್ಕ ಉದ್ದನೆಯ ಡಿರೇಲರ್ ನೆಲಕ್ಕೆ ತಾಗುವಷ್ಟು ಜೋತಾಡುತ್ತದೆ. ಸೈಕಲ್ ಬಲಕ್ಕೆ ಬಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಬಾಗಿ ಚೈನು ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಗಿಡ್ಡನೆಯದನ್ನು ಆರಿಸಿ, ಬಾಗಿದ್ದ ಹ್ಯಾಂಗರ್ ನೆಟ್ಟಗೆ ಮಾಡಿ ಕೂರಿಸುತ್ತಾರೆ.

“ಪೆಡಲ್ ಹತ್ರದ ಮುಂದಿನ ಗೇರನ್ನ ನಡುವಿನ ಹಲ್ಲುಚಕ್ರಕ್ಕೇ ಲಾಕ್ ಮಾಡಿಬಿಡ್ತೀನಿ.”

ಜೊತೆಗೆ ಬಂದ ಹುಡುಗಿಯ ಅಪ್ಪನ ಮುಖ ಸಣ್ಣಗಾಗುತ್ತದೆ. “21 ಇದ್ದದ್ದು 7 ಆಗೋಯ್ತಲ್ಲ ಯಜಮಾನ್ರೇ?”

21ರಲ್ಲಿ ಎಷ್ಟೋ ಗೇರುಗಳು ಒಂದರ ಮೇಲೊಂದು ಬೀಳುವಂಥವೇ. ಮುಂದೆ 34 ಹಲ್ಲು, ಹಿಂದೆ 28 ಇಟ್ಟುಕೊಂಡರೆ ಪೆಡಲಿನ ಒಂದು ಸುತ್ತಿಗೆ ಈ ಸೈಕಲ್ಲು ಎರಡು ಮೀಟರಿಗೆ ತುಸು ಕಡಿಮೆ ಸಾಗುತ್ತದೆ. ಹಿಂದೆ 14ಕ್ಕೆ ಇಳಿಸಿದರೆ ಅದರ ಎರಡರಷ್ಟು. ಸೇತುವೆಯ ಏರಿಗೆ ಮೊದಲನೆಯದು, ಇಳಿಜಾರಿಗೆ ಎರಡನೆಯದು. ಒಂದೇ ಕೈಗೆ ಕೆಲಸ, ಇನ್ನೊಂದು ಕೈ ಬ್ರೇಕಿಗೆ ಬಿಡುವು. ಸ್ಟಿಕ್ಕರ್ ಬೇಕಾದರೆ ಹಾಗೇ ಇರಲಿ.

ಹುಡುಗಿ ಹೆಬ್ಬೆರಳು ಒತ್ತುತ್ತಾಳೆ. ಟಿಕ್. ಚೈನು ಮೇಲಿನ ಹಲ್ಲಿಗೆ ಹತ್ತುತ್ತದೆ. ಮತ್ತೊಮ್ಮೆ, ಮತ್ತೊಮ್ಮೆ.

“ಸಾಕು ಪುಟ್ಟಿ, ಹೋಗಿ ರೋಡಲ್ಲಿ ಒತ್ತು. ಹೊಸ ವೈರು ಒಂದು ವಾರ ಎಳ್ಕೊಳುತ್ತೆ, ಗೇರ್ ತಪ್ಪಿದ್ರೆ ಬಾ, ಟೈಟ್ ಮಾಡ್ಕೊಡ್ತೀನಿ. ಅದಕ್ಕೆ ದುಡ್ಡಿಲ್ಲ.”