ಪಾಯಿಂಟು ಹಾಕಲು ಬಂದವರು ಯಾರು?

ಈಗ ಕರೆಂಟಿನ ಗಾಡಿಗಳು ಬಂದಿವೆ. ಪೆಟ್ರೋಲು ಬೇಡ. ಹೊಗೆ ಇಲ್ಲ. ರಾತ್ರಿ ಮನೆಯಲ್ಲೇ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಹೊರಡಬಹುದು. ಮಗ ಸ್ಕೂಟರು ತರುತ್ತಾನೆ. ಅಳಿಯ ಕಾರು ತರುತ್ತಾನೆ. ಒಳ್ಳೆಯದೇ.

ಗಾಡಿಗೆ ಕರೆಂಟು ಕೊಡಲು ಮನೆಯಲ್ಲಿ ಒಂದು ಪಾಯಿಂಟು ಬೇಕು. "ಅದರ ಚಿಂತೆ ಬಿಡಿ ಅಮ್ಮಾ, ನಮ್ಮವರು ಬಂದು ಹಾಕ್ತಾರೆ" ಅಂತಾರೆ ಅಂಗಡಿಯವರು. ಈ "ನಮ್ಮವರು" ಯಾರು? ನಾವು ಕೇಳುವುದೇ ಇಲ್ಲ. ಕೇಳಬೇಕು ಅಕ್ಕಂದಿರೇ.

ಎಷ್ಟೋ ಕಡೆ ನಡೆಯುವುದು ಹೀಗೆ. ಅಂಗಡಿಯವರು ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಡ್ತಾರೆ. ಅವನಿಗೆ ಪುರುಸೊತ್ತಿಲ್ಲ. ಅವನು ಇನ್ನೊಬ್ಬ ಮೇಸ್ತ್ರಿಗೆ ಒಪ್ಪಿಸ್ತಾನೆ. ಮೇಸ್ತ್ರಿ ಒಬ್ಬ ಹುಡುಗನನ್ನು ಕಳಿಸ್ತಾನೆ. ಇದಕ್ಕೆ ಒಳಗುತ್ತಿಗೆ ಎನ್ನುತ್ತಾರೆ. ನೀವು 6,000 ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರೂ ತಮ್ಮ ಪಾಲು ಹಿಡಿದುಕೊಂಡರೆ ಕೊನೆಯವನ ಕೈಗೆ 2,000 ಬರಬಹುದು. ವೈರು, ಸಾಕೆಟ್ಟು, ಕೂಲಿ ಎಲ್ಲವೂ ಅದರಲ್ಲೇ ಆಗಬೇಕು. ಹಾಲು ಕೈ ದಾಟಿದಷ್ಟೂ ನೀರು ಬೆರೆಯುತ್ತದೆ ಅಲ್ಲವೇ? ಇಲ್ಲೂ ಹಾಗೆಯೇ. ದಪ್ಪ ವೈರು ಹಾಕುವ ಕಡೆ ತೆಳು ವೈರು ಬರುತ್ತದೆ.

ತೆಳು ವೈರು ಹಾಕಿದರೆ ಏನಾಗುತ್ತದೆ? ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತದೆ. ಗಾಡಿಯ ಚಾರ್ಜರು ಹಾಗಲ್ಲ. ನಾಲ್ಕು ಗಂಟೆ, ಆರು ಗಂಟೆ ಒಂದೇ ಸಮನೆ ಕರೆಂಟು ಎಳೆಯುತ್ತದೆ. ಅದೂ ನಾವೆಲ್ಲ ಮಲಗಿರುವಾಗ. ಸ್ಕೂಟರಿನ ಚಾರ್ಜರು ಚಿಕ್ಕದು. ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನ ಆಸುಪಾಸು. ಕಾರಿಗೆಂದು ಗೋಡೆಗೆ ಹಾಕುವ ಪೆಟ್ಟಿಗೆ 7.2 ಕಿಲೋವ್ಯಾಟಿನದೂ ಇರುತ್ತದೆ. ಅಂದರೆ 9 ವ್ಯಾಟಿನ 800 ಬಲ್ಬು ಒಟ್ಟಿಗೆ ಉರಿಸಿದಷ್ಟು! ಅಷ್ಟು ಕರೆಂಟು ತೆಳು ವೈರಿನಲ್ಲಿ ಹರಿದರೆ ವೈರು ಕಾಯುತ್ತದೆ. ಸ್ಕ್ರೂ ಸಡಿಲವಿದ್ದರೂ ಅಷ್ಟೇ, ಅಲ್ಲಿ ಕಾದು ಪ್ಲಾಸ್ಟಿಕ್ಕು ಕರಗುತ್ತದೆ. ಬೆಂಕಿ ಹೀಗೇ ಹತ್ತುವುದು.

ಇನ್ನೊಂದು ಕಳ್ಳದಾರಿ ಇದೆ. ಇದನ್ನು ನಿಧಾನವಾಗಿ ಓದಿ. ಮೂರು ಕಾಲಿನ ಪ್ಲಗ್ಗಿಗೆ ಮೂರು ವೈರು. ಕರೆಂಟು ಬರುವ ವೈರು ಒಂದು. ಹಿಂದಿರುಗುವ ವೈರು ಒಂದು, ಅದಕ್ಕೆ ನ್ಯೂಟ್ರಲ್ ಅನ್ನುತ್ತಾರೆ. ಮೂರನೆಯದು ನೆಲಕ್ಕೆ ಹೋಗುವ ಅರ್ತಿಂಗ್ ವೈರು. ಗಾಡಿಯ ಮೈಗೆ ಅಪ್ಪಿತಪ್ಪಿ ಕರೆಂಟು ಬಂದರೆ ಅದನ್ನು ನೆಲಕ್ಕೆ ಸಾಗಿಸುವುದು ಈ ಮೂರನೇ ವೈರು. ಅರ್ತಿಂಗ್ ಇಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಕೆಲಸ ಮಾಡುವುದೇ ಇಲ್ಲ. ಕೆಂಪು ದೀಪ ತೋರಿಸಿ ನಿಲ್ಲುತ್ತವೆ. ಸರಿಯಾದ ಕೆಲಸಗಾರ ಆಗ ಅಂಗಳದಲ್ಲಿ ಗುಂಡಿ ತೆಗೆಸುತ್ತಾನೆ. ಪೈಪು ಇಳಿಸುತ್ತಾನೆ. ಇದ್ದಿಲು, ಉಪ್ಪು ಹಾಕುತ್ತಾನೆ. ಇದಕ್ಕೆ ಅರ್ಧ ದಿನ ಬೇಕು. ಅವಸರದವನು ಏನು ಮಾಡ್ತಾನೆ ಗೊತ್ತೇ? ಸಾಕೆಟ್ಟಿನ ಒಳಗೇ ನ್ಯೂಟ್ರಲ್ ವೈರನ್ನು ಅರ್ತಿಂಗ್ ಕಾಲಿಗೆ ಸೇರಿಸಿಬಿಡ್ತಾನೆ. ಚಾರ್ಜರು ಮೋಸ ಹೋಗುತ್ತದೆ. ಹಸಿರು ದೀಪ ಬರುತ್ತದೆ. "ಆಯ್ತಮ್ಮಾ" ಅಂತ ಹೊರಟೇ ಹೋಗ್ತಾನೆ.

ಮುಂದೆ ಯಾವತ್ತೋ ಆ ನ್ಯೂಟ್ರಲ್ ವೈರು ಕಡಿಯಿತು ಅನ್ನಿ. ಆಗ ಗಾಡಿಯ ಕಬ್ಬಿಣದ ಮೈಯೆಲ್ಲ ಕರೆಂಟು. ಗಾಡಿ ನಿಲ್ಲಿಸುವುದು ಎಲ್ಲಿ? ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೀರು ಚೆಲ್ಲುವ ಅಂಗಳದಲ್ಲಿ. ಅಲ್ಲಿ ಬರಿಗಾಲಲ್ಲಿ ಓಡಾಡುವವರು ನಾವು, ನಮ್ಮ ಮಕ್ಕಳು. ಕಾರು ಕೊಂಡವರಿಗಿಂತ ಅಂಗಳ ಗುಡಿಸುವವರಿಗೇ ಅಪಾಯ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಕಾಯ್ದೆ ಏನು ಹೇಳುತ್ತದೆ? ಬಲ್ಬು, ಫ್ಯೂಸು ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟು, ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಿಸಬೇಕು. ಪರವಾನಗಿ ಇರುವವರು ನಿಂತು ನೋಡಿಕೊಳ್ಳಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದಲ್ಲಿ ಇದು ಇದೆ. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಒಳಗುತ್ತಿಗೆಯಲ್ಲಿ ಲೈಸೆನ್ಸ್ ಒಬ್ಬರದು, ಸ್ಕ್ರೂಡ್ರೈವರ್ ಹಿಡಿದ ಕೈ ಇನ್ನೊಬ್ಬರದು. ಕೆಟ್ಟರೆ ಯಾರನ್ನು ಹಿಡಿಯುವುದು? ಅಂಗಡಿಯವರು ಗುತ್ತಿಗೆದಾರನ ಕಡೆ ತೋರಿಸ್ತಾರೆ. ಅವನು ಮೇಸ್ತ್ರಿಯ ಕಡೆ ತೋರಿಸ್ತಾನೆ. ಹುಡುಗನ ಫೋನು ಆಫ್ ಆಗಿರುತ್ತದೆ. ಹುಡುಗನನ್ನು ಬಯ್ದು ಫಲವಿಲ್ಲ. ಕೈಗವಸು ಕೂಡ ಇಲ್ಲದೆ ಜೀವ ಪಣಕ್ಕಿಟ್ಟವನು ಅವನೇ.

ಆದ್ದರಿಂದ ಹಣ ಕೊಡುವ ಮೊದಲೇ ಕೇಳಿ. "ಲೈಸೆನ್ಸ್ ಯಾರದು? ತೋರಿಸಿ. ಕೆಲಸ ಮಾಡೋರು ಯಾರು?" ಹೆಸರು, ಲೈಸೆನ್ಸ್ ನಂಬರು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಬಿಲ್ಲಿನಲ್ಲಿ ಅಂಗಡಿಯ ಹೆಸರು, ಗುತ್ತಿಗೆದಾರನ ಹೆಸರು ಎರಡೂ ಇರಲಿ.

ವೈರಿನ ಮೇಲೆ ಅಂಕಿ ಅಚ್ಚಾಗಿರುತ್ತದೆ. ಸ್ಕೂಟರಿಗೆ ಹಾಕುವ 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೆ 2.5ಕ್ಕಿಂತ ಕಡಿಮೆ ಬೇಡ. ಕಾರಿನ ದೊಡ್ಡ ಪೆಟ್ಟಿಗೆಗೆ 6 ಇರಲಿ. ಈ ವೈರು ಮೀಟರಿನ ಬೋರ್ಡಿನಿಂದ ಬೇರೆಯಾಗೇ ಬರಬೇಕು, ಅಡುಗೆಮನೆಯ ಸಾಕೆಟ್ಟಿನಿಂದ ಎಳೆಯಬಾರದು. ಶಾಕ್ ಹೊಡೆದರೆ ಕೂಡಲೇ ಕರೆಂಟು ಕಡಿಯುವ ಒಂದು ಸ್ವಿಚ್ಚು ಸಿಗುತ್ತದೆ. ಆರ್.ಸಿ.ಸಿ.ಬಿ. ಅನ್ನುತ್ತಾರೆ. ಅದರ ಮೇಲೆ 30 ಅಥವಾ 0.03 ಎಂದು ಬರೆದಿರಬೇಕು. ಅದು ಕಡ್ಡಾಯ. ಅದರಲ್ಲೊಂದು ಪುಟ್ಟ ಗುಂಡಿ ಇದೆ. ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ. ತಿಂಗಳಿಗೊಮ್ಮೆ ಒತ್ತಿ ನೋಡಿ.

ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಎಂದು ಇರುತ್ತದೆ. ಕಾರಿನ ಪೆಟ್ಟಿಗೆ ಹಾಕಿಸುವವರು ಮೊದಲು ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು.

ಕೊನೆಯ ಕಂತು ಕೈಯಲ್ಲೇ ಇಟ್ಟುಕೊಳ್ಳಿ. ಕೆಲಸಗಾರ ಎದುರಿಗಿರುವಾಗಲೇ ಗಾಡಿಯನ್ನು ಚಾರ್ಜಿಗೆ ಹಾಕಿ. ಅರ್ತಿಂಗ್ ವೈರು ಎಲ್ಲಿ ನೆಲಕ್ಕೆ ಇಳಿದಿದೆ ಎಂದು ಅವನೇ ಕರೆದುಕೊಂಡು ಹೋಗಿ ತೋರಿಸಲಿ. ಅಷ್ಟರಲ್ಲಿ ಒಂದು ಲೋಟ ಚಹಾ ಕೊಡಿ. ಒಂದು ಗಂಟೆ ಆದ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಒಣಗಿದ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ಟು ಬಿಚ್ಚಿಸಿ, ಮತ್ತೆ ಸರಿ ಮಾಡಿಸಿ, ಆಮೇಲೆ ಉಳಿದ ಹಣ ಕೊಡಿ.